ಮಾವ ಸಮುದ್ರವನ್ನು ನಿಲ್ಲಿಸಿದ್ದು

ನಮ್ಮ ಸೋದರಮಾವನಿಗೆ ಕಿವಿ ಕೇಳಿಸುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನ ಪ್ರಕಾರ ಅವನ ಕಿವಿಗಳು ನೆಟ್ಟಗೇ ಇದ್ದವು. ಇಚಲಕರಂಜಿಯ ಜನಕ್ಕೆಲ್ಲ ಒಮ್ಮೆಲೇ ಗಂಟಲು ಕಟ್ಟಿತ್ತು! "ಈಗಿನ ಮಂದಿಗೆ ದನೀನ ಇಲ್ಲೊ. ಹಾಲು-ಬೆಣ್ಣಿ ತಿನ್ನಂಗಿಲ್ಲ, ಎಲ್ಲಿಂದ ಬರಬೇಕು?" ಎಂದು ಅವನು ಹೇಳಿದರೆ ಹಿಂದಿನ ಓಣಿಯಲ್ಲಿ ಮಲಗಿದ್ದ ಕೂಸು ಎದ್ದು ಅಳುತ್ತಿತ್ತು.

ಮಾವ ಪಾವರ್‌ಲೂಮಿನಲ್ಲಿ ಜಾಬರ್, ಎಂದರೆ ಕೆಟ್ಟ ಮಗ್ಗಗಳನ್ನು ಸರಿಮಾಡುವವನು. ನಾನು ಅದೇ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದೆ. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ; ಎಲ್ಲವೂ ಕೈಸನ್ನೆ. ಅಂಗೈ ಮೇಲೆತ್ತಿದರೆ ‘ಮಗ್ಗ ನಿಲ್ಲಿಸು’. ಮುಷ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ‘ಚಾಲೂ ಐತಿ, ಚಿಂತಿಲ್ಲ’. ಹೊಟ್ಟೆ ಸವರಿಕೊಂಡರೆ ಮಾಲೀಕರು ಬಂದರು! ಇಂಥ ಜಾಗದಲ್ಲಿ ಕಿವಿಗೆ ಏನು ಕೆಲಸ?

ಕಷ್ಟವೆಲ್ಲ ಹೊರಗೆ. ನನಗೆ ಹೆಣ್ಣು ನೋಡಲು ಗಡಹಿಂಗ್ಲಜಕ್ಕೆ ಹೋದಾಗ ಹಿರಿಯನಾಗಿ ಮಾತಾಡಲು ಕೂತವನು ಇವನೇ. ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳುವ ಬದಲು ಬೀಗರು ಅಂದದ್ದಕ್ಕೆಲ್ಲ "ಆಗ್ಲಿ ಬಿಡ್ರಿ, ಆಗ್ಲಿ" ಎಂದ. ಮದುವೆ ನಮ್ಮ ಬಾಗಿಲಲ್ಲಿ, ಊಟ ನಮ್ಮದು, ಸಾಲದ್ದಕ್ಕೆ ವರನ ಮುಂದೆ ಮಾವ ಸ್ವತಃ ಲೇಜಿಮ್ ಆಡುವುದೂ ನಿಶ್ಚಯವಾಯಿತು!

"ಏನೇನ ಒಪ್ಕೊಂಡ ಬಂದ್ರಿ?" ಎಂದು ಅತ್ತಿ, ಅಂದರೆ ಅವನ ಹೆಂಡತಿ, ಕಿವಿಗೆ ಬಾಯಿಟ್ಟು ಕೇಳಿದಳು.

"ಭಾಳ ಛಲೋ ಮಂದಿ. ಅಂಥವರಿಗೆ ಇಲ್ಲ ಅಂತ ಹೆಂಗ ಅನ್ನೂದು?"

ಮದುವೆಯಲ್ಲಿ ಮಾತಿನಂತೆ ಆಡಿದ. ತಾಳಕ್ಕಿಂತ ಒಂದು ಹೆಜ್ಜೆ ಹಿಂದೆ, ಆದರೆ ಎಲ್ಲರಿಗಿಂತ ಎತ್ತರ ಜಿಗಿದು.

ಹೀಗಿರುವಾಗ ತೆಂಗಿನಕಾಯಿ ಮಾರಲು ಬರುತ್ತಿದ್ದ ಕೊಂಕಣದವನೊಬ್ಬ ತನ್ನೂರಿನ ತೆರೆಗಳ ಸುದ್ದಿ ಹೇಳಿದ. ನೂಲ ಹುಣ್ಣಿಮೆಗೆ ಅಲ್ಲಿಯ ಮೀನುಗಾರರು ಸಮುದ್ರಕ್ಕೆ ಕಾಯಿ ಬಿಟ್ಟು, ಮಳೆಗಾಲ ಶುರುವಾದಾಗಿನಿಂದ ಕಟ್ಟಿಟ್ಟ ದೋಣಿ ಬಿಚ್ಚಿ, ಮನೆಯೆತ್ತರದ ತೆರೆಯ ಮೇಲೆ ಹತ್ತಿಸುತ್ತಾರಂತೆ. ನೋಡಲು ಜಾತ್ರೆಯಷ್ಟು ಜನ. ತೆರೆಯ ಸಪ್ಪಳವಂತೂ ಹರದಾರಿ ಆಚೆಗೂ ಕೇಳುತ್ತದಂತೆ!

ಮಾವ ಹಟ ಹಿಡಿದ. ನೀರು ಕಂಡರೆ ಹೆದರುವವನು. ಪಂಚಗಂಗೆಯಲ್ಲೂ ಮೊಣಕಾಲು ದಾಟಿ ಇಳಿದವನಲ್ಲ. ಇವನಿಗೆ ಸಮುದ್ರ ಯಾಕೆ?

ಅತ್ತಿ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು. ಅವರ ಅಡುಗೆಮನೆಯ ಗೋಡೆಯೂ ಶೆಡ್ಡಿನ ಗೋಡೆಯೂ ಒಂದೇ. "ಅಳಿಯಾ, ಅವರಿಗೀಗ ಮಗ್ಗದ ಸಪ್ಪಳಾನೂ ಕೇಳವಲ್ದು. ಕೈ ಮುಟ್ಟಿ ನೋಡಿ ಮಗ್ಗ ಸರಿಮಾಡಾಕತ್ತಾರ. ಪೂರಾ ಹೋಗೂದರೊಳಗ ಒಂದ ದೊಡ್ಡ ಸಪ್ಪಳರೆ ಕಿವಿಗೆ ಬೀಳಲಿ ಅಂತಾರ. ಕರಕೊಂಡ ಹೋಗು."

ಅವಳು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯೊಡನೆ ಕೊಲ್ಹಾಪುರದಲ್ಲಿ ಎಸ್‌ಟಿ ಬಸ್ಸು ಹತ್ತಿದೆವು. ಕಾಗಲ ಬರುವಷ್ಟರಲ್ಲಿ ಮಾವ ಎದ್ದು ನಿಂತು, "ಸಮುದ್ರ ಆಲಾ ಕಾ?" ಎಂದು, ಸಮುದ್ರ ಬಂತೇ ಎಂದು ಮರಾಠಿಯಲ್ಲಿ, ಕಂಡಕ್ಟರನಿಗೆ ಗುಡುಗಿದ.

"ಅಜೂನ ಕಾಗಲಚ ಆಲಂಯ, ಕಾಕಾ!" ಇನ್ನೂ ಕಾಗಲವೇ ಬಂದದ್ದೆಂದು ಆತ ಎಷ್ಟು ಕೂಗಿದರೂ ಮಾವನಿಗೆ ಮುಟ್ಟಲಿಲ್ಲ. ನಾನು ಕೈಸನ್ನೆ ಮಾಡಿದೆ. ಉತ್ತೂರಿಗೆ ಬರುವಾಗ ಕಂಡಕ್ಟರನೂ ಅದನ್ನೇ ಕಲಿತ. ಆಂಬೋಲಿ ಘಾಟಿನಲ್ಲಿ ಮಾವ ಏಳುವ ಮೊದಲೇ ಇಡೀ ಬಸ್ಸು ‘ಇನ್ನೂ ಇಲ್ಲ’ ಎಂದು ಕೈಯಾಡಿಸಿತು!

ದಂಡೆಗೆ ಬಂದು ನಿಂತೆವು. ತೆರೆ ಬರುವುದಲ್ಲ, ಎದ್ದು ನಿಲ್ಲುವುದು. ನಿಂತು, ಒಂದು ಗಳಿಗೆ ಯೋಚಿಸಿ, ಬೀಳುವುದು. ಜನರೆಲ್ಲ ಪಕ್ಕದವರ ಕಿವಿಯಲ್ಲಿ ಕೂಗಿ ಕೂಗಿ ಸೋತರು. ಆ ದಂಡೆಯಲ್ಲಿ ಸಲೀಸಾಗಿ ಹರಟೆ ಹೊಡೆದವರು ಇಬ್ಬರೇ, ನಾನು ಮತ್ತು ಮಾವ! ಚಹ ಬೇಕೇ, ಆ ಧಡೂತಿ ಮನುಷ್ಯನನ್ನು ನೋಡು, ನಮ್ಮ ಮಾಲೀಕರಂತೆಯೇ ಇದ್ದಾನೆ, ಎಲ್ಲವೂ ಕೈಯಲ್ಲೇ.

ಮುದುಕನೊಬ್ಬ ನೀರಿಗೆ ಕಾಯಿ ಬಿಟ್ಟ. ಮೊದಲ ದೋಣಿ ಹೊರಟಿತು. ದೊಡ್ಡ ತೆರೆಯೊಂದು ಅದನ್ನು ಎತ್ತಿ ಮೂಗು ಆಕಾಶಕ್ಕೆ ಮಾಡಿ ನಿಲ್ಲಿಸಿತು. ಹುಟ್ಟು ಹಾಕುವವರು ದೋಣಿಗೆ ಅಂಟಿಕೊಂಡರು. ಮಾವ? ಎರಡು ಹೆಜ್ಜೆ ಮುಂದೆ ಹೋಗಿ, ಅಂಗೈ ಮೇಲೆತ್ತಿ ಸಮುದ್ರಕ್ಕೇ ಸನ್ನೆ ಮಾಡಿದ: ‘ನಿಲ್ಲಿಸು!’

ಎಷ್ಟು ವರ್ಷದ ರೂಢಿ! ದಾರ ಹರಿಯುವುದು ಕಂಡರೆ ಕೈ ತಾನಾಗಿ ಏಳುತ್ತಿತ್ತು.

ದೋಣಿ ತೆರೆ ದಾಟಿ ಆಚೆ ಇಳಿಯಿತು. ಮಾವ ಕೈ ಇಳಿಸಿ, ಎದೆಯುಬ್ಬಿಸಿ ನನ್ನತ್ತ ತಿರುಗಿದ. ಕೆಟ್ಟ ಮಗ್ಗ ಸರಿಮಾಡಿ ಬಂದಾಗಲೂ ಅವನ ಮುಖ ಹಾಗೆಯೇ ಇರುತ್ತಿತ್ತು.

ನಾನು ನಗುತ್ತಲೇ ಕಿವಿ ತೋರಿಸಿ ಕೇಳಿದೆ: ಕೇಳಿಸಿತೇ?

ಅವನ ಮುಖ ಸ್ವಲ್ಪ ಇಳಿಯಿತು. ತಲೆ ಅಲ್ಲಾಡಿಸಿದ. ಇಲ್ಲ.

ಆಮೇಲೆ ಏನೋ ಹೊಳೆದವನಂತೆ ಚಪ್ಪಲಿ ಬಿಟ್ಟು ಒದ್ದೆ ಮರಳಿನ ಮೇಲೆ ನಿಂತ. ನನ್ನ ಕೈ ಹಿಡಿದು ತನ್ನ ಎದೆಯ ಮೇಲೆ ಒತ್ತಿಕೊಂಡ. ಮುಂದಿನ ತೆರೆ ಬಿತ್ತು. ಅವನ ಅಂಗಿಯ ಕೆಳಗೆ, ಎಲುಬಿನ ಒಳಗೆ, ಅದು ಧಡ್ ಎಂದದ್ದು ನನ್ನ ಅಂಗೈಗೆ ತಿಳಿಯಿತು. ಮಾವ ಮುಷ್ಟಿ ಹಿಂದೆಮುಂದೆ ಆಡಿಸಿದ. ಚಾಲೂ ಐತಿ.

ಅವನು ತೀರಿಹೋಗಿ ಈಗ ತಿಂಗಳಾಗುತ್ತ ಬಂತು. ಊರಿನವರಿಗೆಲ್ಲ ದನಿ ತಿರುಗಿ ಬಂದಿದೆ. ಯಾರೂ ಕೂಗಿ ಮಾತಾಡಬೇಕಾಗಿಲ್ಲ. ನಿನ್ನೆ ಅತ್ತಿ ಅಡುಗೆಮನೆಯಲ್ಲಿ ನನ್ನ ಮುಂದೆ ಚಹ ಇಟ್ಟು, ಗೋಡೆಗೆ ಒರಗಿ ಕೂತು ಕೇಳಿದಳು.

"ಖರೇ ಹೇಳು ಅಳಿಯಾ. ನನ್ನ ಸಮಾಧಾನಕ್ಕ ಅಂತ ಹೇಳಬ್ಯಾಡ. ಅವತ್ತ ಅವರಿಗೆ ಸಮುದ್ರ ಕೇಳಿಸಿತ್ತೇನು?"

ನಾನು ಅವಳ ಕೈ ಹಿಡಿದು ಅಂಗೈಯನ್ನು ಗೋಡೆಗೆ ಒತ್ತಿದೆ. ಆಚೆಗೆ ಮಗ್ಗಗಳು ನಡೆದಿದ್ದವು.

ನನ್ನ ಚಹ ಮುಗಿಯಿತು. ಅವಳದು ಆರಿ ಕೆನೆಗಟ್ಟಿತು. ಅತ್ತಿ ಕೈ ತೆಗೆಯಲಿಲ್ಲ.