ಬಿ.ಪಿ. ನೋಡಿ ವಿಯೋಲಾ ನುಡಿಸುವ ಅತ್ತೆ

ಸಂಗೀತವನ್ನು ಕಿವಿಯಿಂದ ಆರಿಸುವವರಿದ್ದಾರೆ, ಮನಸ್ಸಿನಿಂದ ಆರಿಸುವವರೂ ಇದ್ದಾರೆ. ಬಿ.ಪಿ. ಮಿಷನ್ನಿನಿಂದ ಆರಿಸುವವಳು ಮಾತ್ರ ನನಗೆ ಗೊತ್ತಿರುವಂತೆ ಒಬ್ಬಳೇ, ಅವಳು ನನ್ನ ಸೋದರತ್ತೆ! ನಂಬದವರು ಗುಂಡ್ಲುಪೇಟೆಗೆ ಹೋಗಿ ಅವಳ ಮನೆಯ ಬಾಗಿಲು ತಟ್ಟಬಹುದು. ಹೋಗುವಾಗ ತೋಳು ಸಡಿಲ ಇರುವ ಅಂಗಿ ಹಾಕಿಕೊಂಡು ಹೋಗಿ. ತೋಳಿಗೆ ಪಟ್ಟಿ ಸುತ್ತದೆ ಕಾಫಿ ಕೊಡುವ ಪದ್ಧತಿ ಆ ಮನೆಯಲ್ಲಿ ಇಲ್ಲ.

ಅತ್ತೆ ನಮ್ಮಪ್ಪನ ತಂಗಿ. ಮದುವೆಯಾಗಲಿಲ್ಲ. ಹರವೆ ಸುತ್ತಮುತ್ತಲ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನರ್ಸಮ್ಮನಾಗಿದ್ದವಳು. ಆ ಕಡೆಯ ಅರ್ಧ ಜನ ಭೂಮಿಗೆ ಬಂದದ್ದು ಅವಳ ಕೈಯಿಂದಲೇ, ಅದನ್ನು ಅವಳು ಇವತ್ತಿಗೂ ಅವರಿಗೆ ಮರೆಯಲು ಬಿಟ್ಟಿಲ್ಲ. ನಿವೃತ್ತಿಯಾದ ಮೇಲೆ ಬೇರೆಯವರು ತೀರ್ಥಯಾತ್ರೆಗೆ ಹೋಗುತ್ತಾರೆ, ಗುಲಾಬಿ ಗಿಡ ಹಾಕುತ್ತಾರೆ, ಸೊಸೆಯನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಅತ್ತೆಗೆ ಸೊಸೆ ಇಲ್ಲವಲ್ಲ, ಆದ್ದರಿಂದ ವಿಯೋಲಾ ಹಿಡಿದಳು.

ವಿಯೋಲಾ ಅಂದರೆ ಏನೆಂದು ಕೇಳುತ್ತೀರಾ? ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಸುಖವಾಗಿಯೇ ಇದ್ದೆ. ಪಿಟೀಲಿಗಿಂತ ಒಂದು ಸುತ್ತು ದಪ್ಪ, ದನಿಯೂ ದಪ್ಪ, ನೆಗಡಿಯಾದ ಪಿಟೀಲು ಅಂದುಕೊಳ್ಳಿ. ಅತ್ತೆಯ ಪಕ್ಕದ ಮನೆಯಲ್ಲಿ ವಯನಾಡಿನ ಕಡೆಯ ಒಬ್ಬ ಮಲಯಾಳಿ ಟೀಚರ್ ಇದ್ದಾರೆ, ಶಾಲೆಯಲ್ಲಿ ಪಾಶ್ಚಾತ್ಯ ಸಂಗೀತ ಕಲಿಸುತ್ತಾರೆ. ಅವರ ಬಿ.ಪಿ. ನೋಡಲು ಹೋದ ಅತ್ತೆ ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನೂ ನೋಡಿಬಿಟ್ಟಳು. ಅರವತ್ತೊಂದನೇ ವಯಸ್ಸಿನಲ್ಲಿ! ಟೀಚರ್ ಒಳ್ಳೆಯವರು, ಬೇಡ ಎನ್ನಲು ಬರುವುದಿಲ್ಲ. ವಿಯೋಲಾ ಕೈಗೆ ಕೊಟ್ಟು ಪಾಠವನ್ನೂ ಶುರು ಮಾಡಿದರು.

ಅಲ್ಲಿಂದ ಆ ಪೆಟ್ಟಿಗೆ ಇಲ್ಲದೆ ಅತ್ತೆ ಬಸ್ಸು ಹತ್ತಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಚಾಮರಾಜನಗರಕ್ಕೆ ನಮ್ಮ ಮನೆಗೆ ಬರುವಾಗ ಕಿಟಕಿಯ ಸೀಟಿನಲ್ಲಿ ಪೆಟ್ಟಿಗೆ ಕೂರಿಸಿ, ಪಕ್ಕದಲ್ಲಿ ತಾನು ಕೂತಿದ್ದಳಂತೆ. ಕಂಡಕ್ಟರ್ ಬಂದು, "ಏನ್ ನರ್ಸಮ್ಮ ಇದು, ಪಿಟೀಲಾ?" ಅಂದ.

"ಪಿಟೀಲಲ್ಲ ಕಣಪ್ಪ, ಪಿಟೀಲಿನ ಅಕ್ಕ."

"ಅಕ್ಕನಾ? ಅಂಗಾದ್ರೆ ಹೆಂಗಸ್ರ ಲೆಕ್ಕ. ಅದಕ್ಕೂ ಫ್ರೀ, ಕೂತಿರ್ಲಿ ಬುಡಿ."

ಇದನ್ನು ಅತ್ತೆ ನಮಗೆ ಹೇಳಿದ್ದು ತಮಾಷೆಗಲ್ಲ. ವಿಯೋಲಾಗೆ ಸಿಕ್ಕ ಮೊದಲ ಸರ್ಕಾರಿ ಮನ್ನಣೆ ಎಂಬ ಹೆಮ್ಮೆಯಿಂದ ಹೇಳಿದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಆದರೆ ಈ ವಾದ್ಯಕ್ಕೆ ಲಂಡನ್ನಿನವರು ನಡೆಸುವ ಪರೀಕ್ಷೆಗಳಿವೆ, ಒಂದನೇ ಗ್ರೇಡು, ಎರಡನೇ ಗ್ರೇಡು ಎಂದು. ಎ, ಬಿ, ಸಿ ಎಂದು ಮೂರು ಲಿಸ್ಟು ಕೊಡುತ್ತಾರೆ. ಒಂದೊಂದರಲ್ಲೂ ಹತ್ತಾರು ಪೀಸುಗಳು, ನಮ್ಮಲ್ಲಿ ಕೃತಿಗಳಿದ್ದ ಹಾಗೆ. ಲಿಸ್ಟಿಗೊಂದರಂತೆ ಮೂರು ಆರಿಸಿ, ಕಲಿತು, ಮೈಸೂರಿಗೆ ಹೋಗಿ ಪರೀಕ್ಷಕರ ಮುಂದೆ ನುಡಿಸಬೇಕು. ಹತ್ತು ವರ್ಷದ ಮಕ್ಕಳು ಇದನ್ನು ಟೀಚರ್ ಹೇಳಿದಂತೆ ಒಂದು ಸಂಜೆಯಲ್ಲಿ ಆರಿಸಿ ಮುಗಿಸುತ್ತಾರೆ. ನಮ್ಮತ್ತೆಗೆ ಮೂರು ತಿಂಗಳು ಹಿಡಿಯಿತು.

ಯಾಕೆಂದರೆ ಅವಳದು ವೈಜ್ಞಾನಿಕ ವಿಧಾನ. ಕೇಳುವವರನ್ನು ಕುರ್ಚಿಯ ಮೇಲೆ ಕೂರಿಸುವುದು, ಬಿ.ಪಿ. ನೋಡುವುದು, ಪೀಸ್ ನುಡಿಸುವುದು, ಮತ್ತೆ ಬಿ.ಪಿ. ನೋಡುವುದು. ಏರಿದರೆ ಆ ಪೀಸ್ ರಿಜೆಕ್ಟ್. ಇಳಿದರೆ ಪಾಸ್. ಇದಕ್ಕೆ ಗೆರೆ ಎಳೆದ ಒಂದು ದಪ್ಪ ರಿಜಿಸ್ಟರ್ ಬೇರೆ. ಮೊದಲು ಬಸುರಿಯರ ಹೆಸರು ಬರೆಯುತ್ತಿದ್ದಳಲ್ಲ, ಅದೇ ಅಕ್ಷರದಲ್ಲಿ ಈಗ ನಮ್ಮೆಲ್ಲರ ಹೆಸರು. ಅವಳ ನುಡಿಸಾಣಿಕೆ ಕೇಳಿದ ಮೇಲೆ ಯಾವ ಪೀಸಿಗಾದರೂ ಬಿ.ಪಿ. ಏರದೆ ಇರುತ್ತದೆಯೇ? ಇದನ್ನು ಕೇಳಿದ್ದಕ್ಕೆ ನನ್ನ ಹೆಸರಿನ ಮುಂದೆ "ಸಹಕಾರ ಇಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದಳು.

ನಮ್ಮಪ್ಪನ ಮೇಲೆ ನಡೆದ ಪ್ರಯೋಗವನ್ನಂತೂ ನಾನೇ ನೋಡಿದ್ದೇನೆ. ಹರವೆಯ ಹತ್ತಿರದ ನಮ್ಮ ಹಳ್ಳಿಯ ಜಗುಲಿ. ಅಪ್ಪ ಅಂಗಿ ಬಿಚ್ಚಿ ಕೂತಿದ್ದಾರೆ. ಅತ್ತೆ ಎ ಲಿಸ್ಟಿನ ಕುದುರೆ ಓಟದ ಪೀಸ್ ಎತ್ತಿಕೊಂಡಳು. ಅರ್ಧಕ್ಕೆ ಬಂದಿರಬೇಕು, ಎದುರಿನ ಅವರೆ ಹೊಲಕ್ಕೆ ಯಾರದೋ ಮೇಕೆ ನುಗ್ಗಿತು. ಅಪ್ಪ ಎದ್ದು ಕೂಗಾಡಿ, ಕಲ್ಲು ಬೀರಿ, ಏದುಸಿರು ಬಿಡುತ್ತಾ ಬಂದು ಕೂತರು. ಅತ್ತೆ ತಕ್ಷಣ ಪಟ್ಟಿ ಸುತ್ತಿದಳು.

"ನೂರ ಎಪ್ಪತ್ತು. ಈ ಪೀಸು ಬ್ಯಾಡ," ಅಂದಳು.

"ಅತ್ತೆ, ಅದು ಮೇಕೆಯಿಂದ ಏರಿದ್ದು," ಎಂದೆ ನಾನು.

"ಮೇಕೆ ಇದುವರ್ಗೂ ಯಾಕ್ಲಾ ಬಂದಿರ್ನಿಲ್ಲ? ಕುದುರೆ ಪೀಸ್ ಕೇಳೇ ಅದಕ್ಕೂ ಉಮ್ಮಸ್ಸು ಬಂದದ್ದು."

ಇಂಥ ಹೆಂಗಸಿನ ಜೊತೆ ವಾದ ಮಾಡಿ ಗೆದ್ದವರು ಯಾರಿದ್ದಾರೆ? ಕುದುರೆ ಹೋಯಿತು, ಅದರ ಜಾಗಕ್ಕೆ ಒಂದು ಹಳೇ ಕಾಲದ ಜರ್ಮನ್ ಕುಣಿತ ಬಂತು. ಸಿ ಲಿಸ್ಟಿನಿಂದ ಒಂದು ಜೋಗುಳವನ್ನು ಹಿಡಿದಳು. ಅದನ್ನು ನುಡಿಸಿದಾಗ ಅಪ್ಪ ಪಟ್ಟಿ ಸುತ್ತಿದ ಕೈ ಹಾಗೇ ಇಟ್ಟುಕೊಂಡು ನಿದ್ದೆ ಹೋಗಿದ್ದರಂತೆ. ನೂರ ಹದಿನೆಂಟು. ರಿಜಿಸ್ಟರಿನಲ್ಲಿ ಆ ಅಂಕಿಯ ಸುತ್ತ ಎರಡು ಸುತ್ತು ಬಳೆ ಹಾಕಿದ್ದಾಳೆ.

ಇನ್ನು ಲಯದ ವಿಷಯ. ಜೋಗುಳದ ಹಾಳೆಯ ಮೇಲೆ ನಿಮಿಷಕ್ಕೆ ಎಪ್ಪತ್ತೆರಡು ಏಟು ಎಂದು ಬರೆದಿದೆ. ಟೀಚರ್ ಫೋನಿನಲ್ಲಿ ಟಕ್ ಟಕ್ ಎನ್ನುವ ಒಂದು ಆ್ಯಪ್ ಹಾಕಿಕೊಟ್ಟು, "ಚೇಚೀ, ದಿವಸಾ ಇದರ ಜೊತೆ ನುಡಿಸಿ, ಅಷ್ಟು ಮದಿ, ಸಾಕು," ಎಂದಿದ್ದರು. ಚೇಚಿ ಎಂದರೆ ಅವರ ಕಡೆ ಅಕ್ಕ. ಅತ್ತೆ ಅದನ್ನು ಕೇಳಿಸಿಕೊಂಡು, ಎಡಗೈ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಎಣಿಸಿದಳು. ಅವಳ ನಾಡಿ ಸರಿಯಾಗಿ ಎಪ್ಪತ್ತೆರಡು! ಇನ್ನು ಆ್ಯಪ್ ಯಾರಿಗೆ ಬೇಕು? "ಜೀವ ಇಲ್ದಿರೋದ್ರ ಲೆಕ್ಕ ನಾನ್ಯಾಕ್ ನಂಬಲಿ," ಎಂದು ಫೋನು ಬದಿಗಿಟ್ಟಳು. ಅವತ್ತಿನಿಂದ ನುಡಿಸುವ ಮೊದಲು ಕಣ್ಣು ಮುಚ್ಚಿ ಮಣಿಕಟ್ಟು ಹಿಡಿಯುವುದು, ತಲೆಯಾಡಿಸಿ ಲಯ ತೆಗೆದುಕೊಳ್ಳುವುದು, ಆಮೇಲೆ ಕಮಾನು ಎತ್ತುವುದು. ತನ್ನ ಮೈಯೊಳಗೇ ಒಂದು ಗಡಿಯಾರ ಇದೆ ಎಂದು ಬೀದಿಗೆಲ್ಲಾ ಹೇಳಿಕೊಂಡು ಬಂದಳು.

ಪರೀಕ್ಷೆಯ ದಿನ ಏನಾಯಿತೆಂದು ನಿಮಗೆ ಆಗಲೇ ಹೊಳೆದಿರಬೇಕು. ನಮ್ಮತ್ತೆಗೆ ಹೊಳೆದಿರಲಿಲ್ಲ. ಪರೀಕ್ಷಕರ ಮುಂದೆ ನಿಂತು ಶಾಸ್ತ್ರೋಕ್ತವಾಗಿ ಮಣಿಕಟ್ಟು ಹಿಡಿದಳು. ಹೆದರಿಕೆಗೆ ನಾಡಿ ನೂರ ಇಪ್ಪತ್ತು ದಾಟಿತ್ತು. ಅದೇ ಲಯ ಹಿಡಿದು ಜೋಗುಳ ಶುರುವಾಯಿತು. ಪಿಯಾನೋದಲ್ಲಿ ಜೊತೆ ಕೊಡುತ್ತಿದ್ದ ಟೀಚರ್ ಹಿಂದೆ ಹಿಂದೆ ಓಡಿದರಂತೆ. ಹೊರಟ ಬಸ್ಸನ್ನು ಹಿಡಿಯಲು ತಾಯಿ ತೊಟ್ಟಿಲ ಸಮೇತ ಓಡುತ್ತಿರುವ ಹಾಗಿತ್ತು ಎಂದು ಆಮೇಲೆ ಅವರೇ ಹೇಳಿದರು. ಓಡಿದಷ್ಟೂ ನಾಡಿ ಏರಿತು, ನಾಡಿ ಏರಿದಷ್ಟೂ ಓಟ ಜಾಸ್ತಿಯಾಯಿತು. ಮೂರು ನಿಮಿಷದ ಪೀಸು ಒಂದೂವರೆ ನಿಮಿಷಕ್ಕೆ ಮುಗಿದು ಅತ್ತೆ ಫೇಲಾದಳು.

ನಾನು ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆಫೀಸಿನಲ್ಲಿ ನಾಲ್ಕು ಜನರ ಮುಂದೆ ನಟನೆ ಮಾಡಿ ತೋರಿಸಿ ಅವರನ್ನೂ ನಗಿಸಿದ್ದೇನೆ.

ಈ ವರ್ಷ ವಿಷಯ ಬೇರೆಯಾಯಿತು. ಟೀಚರ್ ಕೆಲಸ ಮುಗಿಸಿ, ಈ ಸಲದ ಪರೀಕ್ಷೆಯಾದ ಮೇಲೆ ಊರಿಗೆ ಹೊರಡುವವರಿದ್ದಾರೆ. ವಿಯೋಲಾ ಅವರದು. ಹೊರಡುವ ಮೊದಲು ಅತ್ತೆಗೆ ಒಂದು ಮಾತು ಹೇಳಿದರು: "ಚೇಚೀ, ಈ ಸಲ ಪಾಸಾದರೆ ಇದು ನಿಮ್ಮ ಹತ್ತಿರವೇ ಇರಲಿ. ಆಗದಿದ್ದರೆ ಊರಿಗೆ ತಗೊಂಡು ಹೋಗ್ತೇನೆ, ಅಲ್ಲಿ ಕಲಿಯುವ ಮಕ್ಕಳಿದ್ದಾರೆ." ನ್ಯಾಯವಾದ ಮಾತು. ಅತ್ತೆ ಅದಕ್ಕೆ ಒಪ್ಪಿಯೂ ಬಂದಳು. ಪಾಸಾದರೆ ವಿಯೋಲಾ, ಇಲ್ಲದಿದ್ದರೆ ಬರೀ ಬಿ.ಪಿ. ಮಿಷನ್ನು.

ತಲೆಯಿರುವವರು ಏನು ಮಾಡುತ್ತಾರೆ? ಸುಲಭದ ಪೀಸ್ ಆರಿಸುತ್ತಾರೆ. ಸಿ ಲಿಸ್ಟಿನಲ್ಲಿ ಒಂದು ಮೆರವಣಿಗೆಯ ಪೀಸ್ ಇದೆ. ಸ್ವಲ್ಪ ಓಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನೇ ತೆಗೆದುಕೊಳ್ಳಿ ಎಂದು ಟೀಚರ್ ಹೇಳಿದರು, ನಾನೂ ಹೇಳಿದೆ. ಅತ್ತೆ ಕೇಳಬೇಕಲ್ಲ. ಎರಡೂ ಹಾಳೆಗಳ ಜೆರಾಕ್ಸ್ ಮಾಡಿಸಿಕೊಂಡು ಹಳ್ಳಿಗೆ ಬಂದು, ಮಾರಮ್ಮನ ಗುಡಿಯಲ್ಲಿ ಹೂ ಕೇಳಲು ಕೂತಳು. ಅಮ್ಮನ ಬಲಗಡೆಯಿಂದ ಹೂ ಬಿದ್ದರೆ ಜೋಗುಳ, ಎಡಗಡೆಯಿಂದ ಬಿದ್ದರೆ ಮೆರವಣಿಗೆ.

"ಏನವ್ವ ಇಚಾರ?" ಅಂದರು ಪೂಜಾರಪ್ಪ. "ಬೋರ್‌ವೆಲ್ಲಾ, ಸಂಬಂಧವಾ?"

"ಸಿ ಲಿಸ್ಟು."

"ಎಲ್ಲೀದು?"

"ಲಂಡನ್ನಿಂದು."

"ಬಲು ದೂರ ಆಯ್ತಲ್ಲವ್ವ. ಹೆಣ್ ಕೊಡೋಕ್ ಮುಂಚೆ ಇನ್ನೊಂದ್ ಕಿತ ಇಚಾರ್ಸಿ," ಎಂದು ಪೂಜಾರಪ್ಪ ಕರ್ಪೂರ ಹಚ್ಚಿದರು.

ಹೂ ಬಲಗಡೆಯಿಂದಲೇ ಬಿತ್ತು. ಫ್ಯಾನಿನ ಗಾಳಿ ಆ ಕಡೆಗೇ ಬೀಸುತ್ತಿತ್ತು ಎಂದು ನಾನು ಎತ್ತಿ ತೋರಿಸಿದ್ದು ಯಾರ ಕಿವಿಗೂ ಬೀಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಅದೇ ಪೀಸಲ್ಲಿ ಫೇಲಾಗಿದ್ದೀಯ. ಮತ್ತೆ ಅದನ್ನೇ ಹಿಡೀತೀಯಲ್ಲ, ಬುದ್ಧಿ ಬೇಡ್ವ ಅತ್ತೆ?" ಎಂದೆ. ಆ ದನಿಯಲ್ಲಿ ಹೇಳಬಾರದಿತ್ತು.

ಅತ್ತೆ ಸಿಟ್ಟಾಗಲಿಲ್ಲ. "ಒಂದ್ಸಲ ಹೆರಿಗೆ ಕಷ್ಟ ಆಯ್ತು ಅಂತ ಆ ಮನೆಗೇ ಓಗದೆ ಇರಕ್ಕಾಯ್ತದೇನ್ಲಾ?" ಎಂದಳು. ಎಂದವಳು ಮುಂದೆ ಮುಂದೆ ನಡೆದಳು.

ಪರೀಕ್ಷೆಗೆ ಜೊತೆಗೆ ಬಾ ಎಂದು ನನ್ನನ್ನು ಕರೆದಾಗ ಆಶ್ಚರ್ಯವಾಯಿತು. ಅವಳ ರಿಜಿಸ್ಟರಿನ ಪ್ರಕಾರ ನಾನು ಸಹಕಾರ ಇಲ್ಲದವನು. ಆದರೂ ಆಫೀಸಿಗೆ ರಜೆ ಹಾಕಿ ಹೋದೆ. ಮೈಸೂರಿನ ಒಂದು ಸಂಗೀತ ಶಾಲೆಯ ಮಹಡಿ. ಬೆಂಚಿನ ತುಂಬ ಜಡೆ ಕಟ್ಟಿದ ಹುಡುಗಿಯರು, ಅವರ ತಾಯಂದಿರು, ನಡುವೆ ರೇಷ್ಮೆ ಸೀರೆ ಉಟ್ಟ ನಮ್ಮತ್ತೆ, ಪಿಯಾನೋ ಜೊತೆಗೆಂದು ಬಂದ ಟೀಚರ್. ಒಬ್ಬ ತಾಯಿ, "ಮೊಮ್ಮಗಳು ಒಳಗಡೆ ಇದ್ದಾಳಾ?" ಎಂದು ವಿಚಾರಿಸಿದರು. ಅತ್ತೆ, "ಇಲ್ಲ ತಾಯಿ, ನಂದೇ," ಎಂದಳು. ಪೆಟ್ಟಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಈಗ ಒಳಗಿರುವ ಹುಡುಗಿಯಾದ ಮೇಲೆ ನೀವು ಎಂದು ಯಾರೋ ಬಂದು ಹೇಳಿ ಹೋದರು. ಅತ್ತೆ ನನ್ನ ಕಡೆ ತಿರುಗಿದಳು.

"ಕೈ ಕೊಡ್ಲಾ."

"ಯಾಕೆ?"

"ನನ್ ನಾಡಿ ಓಡ್ತದೆ, ಅದನ್ನ ನೆಚ್ಚಂಗಿಲ್ಲ. ನಿಂದ್ರಲ್ಲಿ ಲಯ ತಕ್ಕೊಂಡು ಒಳೀಕ್ ಓಯ್ತೀನಿ. ನಿಂಗೆ ನಾನು ಪಾಸಾದ್ರೂ ಒಂದೇ, ಫೇಲಾದ್ರೂ ಒಂದೇ. ಅದಕ್ಕೇ ನಿನ್ನ ಕರ್ಕೊಂಡ್ ಬಂದದ್ದು."

ಅವಳು ಚುಚ್ಚಲು ಹೇಳಿದ್ದಲ್ಲ. ಥರ್ಮಾಮೀಟರ್ ಓದಿ ಹೇಳುವ ಹಾಗೆ ಹೇಳಿದಳು. ನಾನು ಕೈ ಚಾಚಿದೆ. ಅವಳು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗೋಡೆಯ ಗಡಿಯಾರ ನೋಡಿದಳು. ಅರ್ಧ ನಿಮಿಷವಾಯಿತು. ಹುಬ್ಬು ಗಂಟಿಕ್ಕಿ, ಬೆರಳು ಸರಿಸಿ ಮತ್ತೆ ಎಣಿಸಿದಳು.

"ನೂರ ಹದಿನಾಲ್ಕು," ಎಂದಳು.

ನಾನು ನೆಲ ನೋಡಿದೆ. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಎನ್ನೋಣವೆಂದರೆ ಬಂದು ಒಂದು ಗಂಟೆಯಾಗಿತ್ತು. ಆ ಬಾಗಿಲು ತೆರೆದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ನನಗೂ ಗೊತ್ತಿತ್ತು. ಈ ವಿಯೋಲಾ ಅವಳ ಕೈಯಿಂದ ಹೋಗಬಾರದು, ದೇವರೇ, ಹೋಗಬಾರದು ಎಂದು ಬೆಳಗಿನಿಂದ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ನನಗೆ ಅವಳನ್ನು ಕಂಡರೆ ಅಷ್ಟು ಪ್ರೀತಿ ಎಂದು ನಾನು ಯಾರಿಗೂ, ಅವಳಿಗಂತೂ, ಹೇಳಿರಲಿಲ್ಲ.

ಅತ್ತೆ ನನ್ನ ಮುಖವನ್ನೇ ನೋಡಿದಳು. ಬೆರಳು ತೆಗೆಯದೆ, "ಮೂಗ್ನಲ್ಲಿ ನಿಧಾನಕ್ಕೆ ಉಸ್ರು ತಕ್ಕ. ಬುಡು. ಇನ್ನೊಂದ್ಸಲ," ಎಂದಳು. ಎಷ್ಟು ಬಸುರಿಯರಿಗೆ ಹೀಗೆ ಹೇಳಿದ್ದಳೋ. ತೊಂಬತ್ತಾಯಿತು. ಎಂಬತ್ತಾಯಿತು.

"ಎಪ್ಪತ್ತೆರಡು. ಇದೇ. ಇಂಗೇ ಇರು, ಅಲ್ಲಾಡ್ಬ್ಯಾಡ," ಎಂದು ತಲೆಯಾಡಿಸುತ್ತಾ, ನನ್ನ ನಾಡಿಯನ್ನು ತುಟಿಯಲ್ಲಿ ಗುನುಗುತ್ತಾ ಟೀಚರ್ ಹಿಂದೆ ಒಳಗೆ ಹೋದಳು.

ಬಾಗಿಲು ಮುಚ್ಚಿತು. ಜರ್ಮನ್ ಕುಣಿತವಾಯಿತು, ಇನ್ನೊಂದಾಯಿತು. ಆಮೇಲೆ ಜೋಗುಳ ಶುರುವಾಯಿತು, ನಿಧಾನವಾಗಿ, ಮಗುವಿಗೆ ನಿದ್ದೆ ಬರುವಷ್ಟು ನಿಧಾನವಾಗಿ. ಪಕ್ಕದ ತಾಯಿ, "ಸ್ವಲ್ಪ ಸರೀತೀರಾ?" ಎಂದರು. ನಾನು ಸರಿಯಲಿಲ್ಲ. ಅಲ್ಲಾಡಿದರೆ ನಾಡಿ ಏರುತ್ತದೆ, ಏರಿದರೆ ಒಳಗೆ ಜೋಗುಳ ಓಡುತ್ತದೆ ಎನಿಸಿ, ಪೀಸು ಮುಗಿಯುವವರೆಗೂ ಹಾಗೇ ಕೈ ಚಾಚಿಕೊಂಡು ಕೂತಿದ್ದೆ.