ಪುಟ್ಟಲಕ್ಷ್ಮಿಗೆ ಮಂಜೂರಾದ ಎರಡು ಗಂಟೆ

ನಮ್ಮ ಗಂಗಾನಗರದ ಆರೈಕೆದಾರರ ಆಸರೆ ಸಮಿತಿಯು ಕಳೆದ ವರ್ಷ ಸರ್ವಾನುಮತದಿಂದ ಅಸ್ತಿತ್ವಕ್ಕೆ ಬಂದಿತು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಎರಡು ಗಂಟೆ ಬಿಡುವು ಕೊಡಿಸುವುದು ಇದರ ಏಕೈಕ ಉದ್ದೇಶ. ಅಧ್ಯಕ್ಷ ನಾನು, ವೇಣುಗೋಪಾಲ. ಈ ವಿಷಯದಲ್ಲಿ ನನ್ನ ಅನುಭವ ಅಪಾರ. ಲಕ್ವ ಹೊಡೆದ ನಮ್ಮಮ್ಮ ಕೆಳಗಿನ ಮನೆಯಲ್ಲಿದ್ದಾರೆ, ತಂಗಿ ಪುಟ್ಟಲಕ್ಷ್ಮಿ ಎರಡು ವರ್ಷದಿಂದ ಅವರನ್ನು ನೋಡಿಕೊಳ್ಳುತ್ತಿದ್ದಾಳೆ, ನಾನು ಮೇಲಿನ ಮನೆಯಲ್ಲಿ ಕೂತು ಆರೈಕೆಯ ಕಷ್ಟಗಳ ಬಗ್ಗೆ ಭಾಷಣ ಬರೆಯುತ್ತೇನೆ.

ಮೊದಲ ಬೇಡಿಕೆ ಬಂದದ್ದು ಪುಟ್ಟಲಕ್ಷ್ಮಿಯಿಂದಲೇ. ಮೆಟ್ಟಿಲ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದಳು.

“ಅಣ್ಣ, ದವಡೆ ಹಲ್ಲು ಮೂರು ತಿಂಗಳಿಂದ ಪ್ರಾಣ ತಿಂತಿದೆ. ಕೀಳಿಸ್ಲೇಬೇಕಂತೆ. ಅಮ್ಮನ ಹತ್ರ ಎರಡು ಗಂಟೆ ಕೂತ್ಕೋತೀಯಾ?”

“ಅಣ್ಣನಾಗಿ ಕೂತ್ಕೋಬಹುದು ಕಣೇ. ಆದ್ರೆ ಅಧ್ಯಕ್ಷ ಅಲ್ವಾ, ಮನೆಯೋರಿಗೆ ಫೇವರ್ ಮಾಡ್ದಂಗಾಗುತ್ತೆ. ಅರ್ಜಿ ಹಾಕು.”

ಹಾಕಿದಳು. ಅರ್ಜಿದಾರಳು ನಿಜವಾಗಿಯೂ ದಣಿದಿದ್ದಾಳೆಯೇ ಎಂದು ಪರಿಶೀಲಿಸಲು ಉಪಸಮಿತಿ ಬಂತು. ಕಾಫಿ ಕೊಡುತ್ತಿದ್ದವಳನ್ನು ನೋಡಿ ಕಾರ್ಯದರ್ಶಿ ಬ್ಯಾಟರಾಯಪ್ಪನವರಿಗೆ ಅನುಮಾನ ಬಂದಿತು.

“ಇವ್ರು ನಗ್ತಿದ್ದಾರಲ್ಲ ಸಾರ್?”

“ನಗು ಅಲ್ಲ ಸಾರ್, ಕೆನ್ನೆ ಊದಿದೆ,” ಎಂದಳು ಪುಟ್ಟಲಕ್ಷ್ಮಿ.

ಊತ ಬೇರೆ, ದಣಿವು ಬೇರೆ ಎಂಬ ಷರಾದೊಂದಿಗೆ ಅರ್ಜಿ ವಾಪಸಾಯಿತು. ಎರಡನೆಯ ಭೇಟಿಯಲ್ಲಿ ಪ್ರಶ್ನೆಗೆ ಉತ್ತರ ಹೇಳುತ್ತಲೇ ಅವಳು ಗೋಡೆಗೊರಗಿ ನಿದ್ದೆ ಹೋದದ್ದರಿಂದ ದಣಿವು ದೃಢಪಟ್ಟಿತು. ಐದನೆಯ ವಾರ ಎರಡು ಗಂಟೆ ಮಂಜೂರಾಯಿತು, ಶನಿವಾರ ಹತ್ತರಿಂದ ಹನ್ನೆರಡು.

ಅಮ್ಮನ ಬಳಿ ಒಬ್ಬರೇ ಕೂರಲು ಯಾವ ಸದಸ್ಯರೂ ಮುಂದೆ ಬಾರದ ಕಾರಣ, ಇಡೀ ಸಮಿತಿಯೇ ಕೂರತಕ್ಕದ್ದು ಎಂದು ತೀರ್ಮಾನಿಸಿ, ತಿಂಗಳ ಸಭೆಯನ್ನು ಅಮ್ಮನ ಕೋಣೆಯಲ್ಲೇ ಕರೆದೆವು. ಪುಟ್ಟಲಕ್ಷ್ಮಿ ಅಮ್ಮನಿಗೆ ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ಏಳು ಜನಕ್ಕೆ ಕುರ್ಚಿ ಹಾಕಿ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಟ್ಟಳು.

“ಕೈ ಹಿಡಿದು ಎಬ್ಬಿಸಿದ್ರೆ ಸಾಕು ಅಣ್ಣ, ಅವರೇ ನಡೀತಾರೆ,” ಎಂದು ಹೇಳಿ ಹೋದಳು.

ಹತ್ತೂ ನಲವತ್ತಕ್ಕೆ, ನಾನು ಸ್ವಾಗತ ಭಾಷಣದ ಮೂರನೆಯ ಪುಟದಲ್ಲಿದ್ದಾಗ, ಅಮ್ಮ ಬಾಯಿ ತೆರೆದರು.

“ವೇಣು, ಬಾತ್‌ರೂಮ್‌ಗೆ ಹೋಗ್ಬೇಕು ಕಣೋ.”

ವಿಷಯ ಕಾರ್ಯಸೂಚಿಯಲ್ಲಿರಲಿಲ್ಲ. ಬ್ಯಾಟರಾಯಪ್ಪನವರು ಉಪನಿಯಮ ನಾಲ್ಕನ್ನು ಓದಿದರು: “ಸಮಿತಿಯ ಬೆಂಬಲವು ಆರೈಕೆ ಮಾಡುವವರಿಗೆ ಮಾತ್ರ. ರೋಗಿಯನ್ನು ಮುಟ್ಟತಕ್ಕದ್ದಲ್ಲ.”

ಸದಸ್ಯರಾದ ಬ್ಯಾಟರಿ ಅಂಗಡಿಯ ಖಾದರ್ ಬಾಷಾ ಎದ್ದು ನಿಂತರು. “ನಮ್ ಅಬ್ಬಾನ ನಾನೇ ನೋಡ್ಕೊಂಡಿದ್ದು ಸಾರ್. ಅಮ್ಮನ ಕೈ ಹಿಡ್ಕೊಂಡು ಬಾಗಿಲ ತನಕ ಬಿಡ್ತೀನಿ, ಬಿಡಿ.” ಅಧ್ಯಕ್ಷರ ಅನುಮತಿಯಿಲ್ಲದೆ ಎದ್ದದ್ದಕ್ಕಾಗಿ ಅವರನ್ನು ಕೂರಿಸಲಾಯಿತು.

ಅಮ್ಮ ನನ್ನನ್ನೇ ನೋಡುತ್ತಿದ್ದರು. ಹೆತ್ತವಳ ಕೈಯನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಆದರೆ ಅಧ್ಯಕ್ಷನ ನಾಚಿಕೆಯನ್ನು ಸಭೆಯ ಮುಂದಿಡಲು ಏಳು ದಿನದ ನೋಟೀಸು ಬೇಕು. ಹಾಗಾಗಿ ಅನುಭವವುಳ್ಳ ಏಕೈಕ ವ್ಯಕ್ತಿಗೆ ಫೋನ್ ಮಾಡುವ ಗೊತ್ತುವಳಿ ಮಂಡಿಸಿದೆ. ಅಂಗೀಕಾರವಾಯಿತು.

ಹದಿನೈದು ನಿಮಿಷದಲ್ಲಿ ಪುಟ್ಟಲಕ್ಷ್ಮಿ ಆಟೋದಲ್ಲಿ ಬಂದಳು. ಮರಗಟ್ಟಿಸುವ ಇಂಜೆಕ್ಷನ್ ಆಗಿತ್ತು, ಹಲ್ಲು ಹಾಗೇ ಇತ್ತು. ಅಮ್ಮನಂತೆಯೇ ಅವಳ ಬಾಯಿಯೂ ಒಂದು ಕಡೆಗೆ ಜೋತಿತ್ತು. ಯಾರನ್ನೂ ನೋಡದೆ ಅಮ್ಮನನ್ನು ಎಬ್ಬಿಸಿ ಕರೆದುಕೊಂಡು ಹೋದಳು.

ಬಾಕಿ ಉಳಿದ ಅವಧಿಯನ್ನು ಫಲಾನುಭವಿಯು ಸ್ವಇಚ್ಛೆಯಿಂದ ಸಮಿತಿಗೆ ಹಿಂದಿರುಗಿಸಿದ್ದಾರೆ ಎಂದು ಬ್ಯಾಟರಾಯಪ್ಪನವರು ಬರೆದುಕೊಂಡರು. ಅವಳು ಹೊರಬಂದಾಗ, “ಏನಾದ್ರೂ ಆಕ್ಷೇಪಣೆ ಇದೆಯೇನಮ್ಮ?” ಎಂದೂ ಕೇಳಿದರು. ಪುಟ್ಟಲಕ್ಷ್ಮಿ ಏನೋ ಹೇಳಲು ನೋಡಿದಳು. ತುಟಿ ಅಲುಗಲಿಲ್ಲ. ಎಲ್ಲರೂ ಒಂದು ನಿಮಿಷ ಕಾದೆವು.

“ಆಕ್ಷೇಪಣೆ ಇರುವುದಿಲ್ಲ” ಎಂದು ನಡಾವಳಿಯಲ್ಲಿ ದಾಖಲಾಗಿದೆ. ಕೆಳಗೆ ಅವಳ ಸಹಿಯಿದೆ, ಅದರ ಮೇಲೆ ನನ್ನದು.