ಕೊಪ್ಪದಲ್ಲಿ ಪ್ಯಾರಾಚೂಟ್ ಪಾಠ

ಈ ಸಲವಾದರೂ ಎಲ್ಲರೂ ಸುಮ್ಮನೆ ಹಾರಿ, ಸುಮ್ಮನೆ ಇಳಿದು, ಸುಮ್ಮನೆ ಮನೆಗೆ ಹೋಗಲಿ ಎಂದು ನಾನು ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಇಲ್ಲಿಯವರೆಗೆ ಒಂದು ವರ್ಷವೂ ಹಾಗಾಗಿಲ್ಲ.

ನಾನು ಸೈನ್ಯದಲ್ಲಿ ಪ್ಯಾರಾಚೂಟ್ ಮಡಚುವ ಕೆಲಸಕ್ಕೆ ಸೇರಿದವನು. ಮಡಚುತ್ತಾ ಮಡಚುತ್ತಾ ಹಾರಲು ಕಲಿತೆ, ಹಾರುತ್ತಾ ಹಾರುತ್ತಾ ಬೇರೆಯವರಿಗೆ ಕಲಿಸಲು ಕಲಿತೆ. ಮೊಣಕಾಲುಗಳ ಅರ್ಧ ಆಯುಷ್ಯ ಅಲ್ಲೇ ಬಿಟ್ಟು, ನಿವೃತ್ತನಾಗಿ ಕೊಪ್ಪಕ್ಕೆ ಬಂದು ಕೂತೆ. ಕೂರಲು ಬಿಡಲಿಲ್ಲ. ಬಯಲುಸೀಮೆಯ ಒಂದು ಹಳೆಯ ಏರ್‌ಸ್ಟ್ರಿಪ್‌ನಲ್ಲಿ ಜನರನ್ನು ವಿಮಾನದಿಂದ ಹಾರಿಸುವ ಸಂಸ್ಥೆಯವರು ಹುಡುಕಿಕೊಂಡು ಬಂದರು. "ನಿಮ್ಮ ಕಡೆಯಿಂದ ತುಂಬಾ ಜನ ಕೇಳ್ತಿದ್ದಾರೆ. ನೆಲದ ಮೇಲಿನ ಪಾಠ ನೀವೇ ಮಾಡಿ, ಆಮೇಲೆ ವ್ಯಾನಿನಲ್ಲಿ ಕರ್ಕೊಂಡು ಬನ್ನಿ" ಅಂದರು. ಒಪ್ಪಿದೆ. ಮಳೆಗಾಲ ಮುಗಿದ ಮೇಲೆ ಕೊಪ್ಪದ ಒಂದು ಖಾಲಿ ಗೋದಾಮಿನಲ್ಲಿ ವಾರಕ್ಕೆರಡು ದಿನ ಪಾಠ, ತಿಂಗಳಿಗೊಮ್ಮೆ ವ್ಯಾನು.

ಬಾಗಿಲಿಗೆ 'ಪ್ಯಾರಾಚೂಟ್ ತರಬೇತಿ' ಎಂದು ಬೋರ್ಡು ಹಾಕಿಸಿದ ವಾರವೇ ಮೂವರು ಒಳಗೆ ಬಂದು, ತಲೆಗೆ ಹಚ್ಚುವ ಎಣ್ಣೆಯ ಏಜೆನ್ಸಿ ನಮ್ಮದೇನಾ ಎಂದು ವಿಚಾರಿಸಿದರು. ಮೂವರನ್ನೂ ಕೂರಿಸಿ ವಿವರಿಸಿದೆ. ನಾಲ್ಕನೆಯವರಿಗೆ, ಸ್ಟಾಕ್ ಮುಗಿದಿದೆ ಅಂದೆ.

ಇಳಿದವರ ಸರ್ಟಿಫಿಕೇಟ್

ನಮ್ಮಲ್ಲಿ ಮೊದಲು ಹೇಳಿಕೊಡುವುದು ಬೀಳುವುದನ್ನು. ಸೊಂಟದೆತ್ತರದ ಕಟ್ಟೆಯಿಂದ ಧುಮುಕಬೇಕು. ಎರಡೂ ಕಾಲು ಜೋಡಿಸಿರಬೇಕು, ಮೊಣಕಾಲು ತುಸು ಬಗ್ಗಿರಬೇಕು, ಗಲ್ಲ ಎದೆಗೆ ಒತ್ತಿರಬೇಕು, ಪಾದ ನೆಲ ಮುಟ್ಟಿದ ಕೂಡಲೇ ಪಕ್ಕಕ್ಕೆ ಉರುಳಬೇಕು. ಇದನ್ನು ದಿನಕ್ಕೆ ಐವತ್ತು ಸಲ ಮಾಡಿಸುತ್ತೇನೆ. ಐವತ್ತು ಸಲವೂ ಯಾರಾದರೊಬ್ಬರು ಕಾಲು ಅಗಲಿಸುತ್ತಾರೆ.

ಅಗಲಿಸದವರು ಒಬ್ಬರೇ ಇದ್ದರು. ನರಸಿಂಹರಾಜಪುರದ ಸಹಕಾರಿ ಸೊಸೈಟಿಯೊಂದರ ಗುಮಾಸ್ತರು. ಎಷ್ಟು ಶ್ರದ್ಧೆ ಎಂದರೆ, ಮಧ್ಯಾಹ್ನ ಊಟಕ್ಕೆ ಕೂರುವಾಗಲೂ ಕಾಲು ಜೋಡಿಸಿಯೇ ಕೂರುತ್ತಿದ್ದರು. ಅಂಥವರು ಏರ್‌ಸ್ಟ್ರಿಪ್ ತಲುಪಿ ವಿಮಾನ ನೋಡಿದರು. "ಸಾರ್, ಇದು ಇಷ್ಟು ಸಣ್ಣದಾ?" ಅಂದರು. ಆಮೇಲೆ ವ್ಯಾನು ಹತ್ತಿ ಕೂತವರು ಸಂಜೆವರೆಗೆ ಇಳಿಯಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಹೆದರಿದವರನ್ನು ಹಾರಿಸಬಾರದು ಎಂಬುದು ನನ್ನ ನಿಯಮ.

ಹದಿನೈದು ದಿನ ಬಿಟ್ಟು ಗೋದಾಮಿಗೆ ಬಂದರು. ಮುಖದಲ್ಲಿ ಬೇರೆಯೇ ಕಳೆ.

"ಸಾರ್, ನಿನ್ನೆ ಅಟ್ಟದಿಂದ ಬಿದ್ದೆ."

"ಅಯ್ಯೋ, ಪೆಟ್ಟಾಯ್ತಾ?"

"ಇಲ್ಲ ಸಾರ್. ಏಣಿ ಜಾರ್ತು. ಜಾರಿದ ಕೂಡಲೇ ನಿಮ್ಮ ಬೈಗುಳ ಕಿವೀಲಿ ಕೇಳಿಸ್ತು. ಕಾಲು ಜೋಡಿಸಿದೆ, ಗಲ್ಲ ಒತ್ತಿದೆ, ಎಡಕ್ಕೆ ಉರುಳಿದೆ. ಒಂದು ಗೀರೂ ಇಲ್ಲ. ನಮ್ಮನೆಯವಳು ಕಾಫಿ ಲೋಟ ಹಿಡ್ಕೊಂಡು ಹಾಗೇ ನಿಂತುಬಿಟ್ಲು."

ಇಷ್ಟು ವರ್ಷದ ಕೂಗಾಟ ಒಬ್ಬರ ಬೆನ್ನುಮೂಳೆಯನ್ನಾದರೂ ಉಳಿಸಿತಲ್ಲ ಎಂದು ನನಗೂ ಮನಸ್ಸು ತುಂಬಿ ಬಂತು. ಅವರು ಮಾತ್ರ ಹೋಗದೆ ಅಲ್ಲೇ ನಿಂತಿದ್ದರು.

"ಒಂದು ಸರ್ಟಿಫಿಕೇಟ್ ಬೇಕಿತ್ತು ಸಾರ್."

"ನೀವು ಹಾರಲೇ ಇಲ್ಲವಲ್ರೀ."

"ಹಾರಿದ್ದಕ್ಕೆ ಬೇಡ ಸಾರ್. ಇಳಿದದ್ದಕ್ಕೆ ಕೊಡಿ."

ನೆರಳಿನ ಬಟ್ಟೆ

ಹಾರುವವರ ಬೆನ್ನಿನ ಚೀಲದಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ. ಒಂದು ಯಾವಾಗಲೂ ಬಳಸುವುದು. ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು, ರಿಸರ್ವ್. ಈ ರಿಸರ್ವನ್ನು ಬಳಸದಿದ್ದರೂ ಕಾಲಕಾಲಕ್ಕೆ ಬಿಚ್ಚಿ, ನೆರಳಿನಲ್ಲಿ ಹರವಿ, ಗಾಳಿಯಾಡಿಸಿ, ಒಂದೊಂದು ಹೊಲಿಗೆಯನ್ನೂ ಪರೀಕ್ಷಿಸಿ ಮತ್ತೆ ಮಡಚಬೇಕು. ಅದಕ್ಕೆ ಉದ್ದನೆಯ, ನುಣ್ಣನೆಯ ನೆಲ ಬೇಕು. ಗೋದಾಮಿನ ನೆಲ ತರಿತರಿ. ನನಗೆ ತಿಳಿದಂತೆ ಅಂಥ ನೆಲ ಇದ್ದದ್ದು ನೆಮ್ಮಾರಿನಲ್ಲಿ, ನನ್ನ ಹೆಂಡತಿಯ ತವರುಮನೆಯ ಜಗಲಿಯಲ್ಲಿ.

ಒಂದು ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ರಿಸರ್ವನ್ನು ಜಗಲಿಯುದ್ದಕ್ಕೂ ಹರವಿದೆ. ಯಾರೂ ಮುಟ್ಟಬೇಡಿ ಎಂದು ಹೇಳಿ, ಮಡಚಲು ಬೇಕಾದ ರಬ್ಬರ್ ಬ್ಯಾಂಡು ತರಲು ಶೃಂಗೇರಿ ಪೇಟೆಗೆ ಹೋದೆ. ಪೇಟೆಯಲ್ಲಿ ನೆಂಟರೊಬ್ಬರು ಸಿಕ್ಕಿದರು, ಕಾಫಿ ಆಯಿತು, ಮಾತಾಯಿತು. ವಾಪಸು ಬಂದಾಗ ಜಗಲಿ ಖಾಲಿ. ಅಂಗಳಕ್ಕೆ ಹೋಗಿ ನೋಡಿದರೆ, ಸುಡುಬಿಸಿಲಿನಲ್ಲಿ ನನ್ನ ರಿಸರ್ವ್ ಪ್ಯಾರಾಚೂಟ್. ಅದರ ಮೇಲೆ ಸಾಲಾಗಿ, ಅಚ್ಚುಕಟ್ಟಾಗಿ ಹಲಸಿನ ಹಪ್ಪಳ. ಒಂದು ಮೂಲೆಯಲ್ಲಿ ಕಾಗೆ ಓಡಿಸುವ ಕೋಲು ಹಿಡಿದು ನಮ್ಮ ಅತ್ತೆ.

"ಎಂತಾ ಚೆಂದದ ಬಟ್ಟೆ ಮಾರಾಯ್ರೆ. ಒಂದು ಹಪ್ಪಳವೂ ಅಂಟ್ಲಿಲ್ಲ" ಅಂದರು.

ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ವಿವರಿಸಿದೆ. ಇದು ನೈಲಾನು, ಎಣ್ಣೆ ಪಸೆ ಆಗುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ಬಿಸಿಲು ಆಗುವುದಿಲ್ಲ, ಬಿಸಿಲಿಗೆ ಇಟ್ಟರೆ ಎಳೆ ಸೋಲುತ್ತದೆ, ಇನ್ನು ಇದನ್ನು ಪರೀಕ್ಷೆಗೆ ಕಳಿಸದೆ ಯಾರ ಬೆನ್ನಿಗೂ ಕಟ್ಟುವಂತಿಲ್ಲ.

ಅತ್ತೆ ಎಲ್ಲ ಕೇಳಿಸಿಕೊಂಡರು. ಕೋಲು ಕೆಳಗಿಟ್ಟರು. ಅವರ ಮುಖದಲ್ಲಿ ಮಗಳ ಬಗ್ಗೆ ಕನಿಕರ ಕಾಣಿಸಿತು.

"ಅಲ್ಲ, ಬಿಸಿಲಿಗೆ ಹೆದರುವ ಬಟ್ಟೆ ಕಟ್ಕೊಂಡು ನೀವು ಸೂರ್ಯನ ಹತ್ತಿರಕ್ಕೆ ಹೋಗುದಾ?"

ತೂಕ

ಒಬ್ಬರೇ ಹಾರುವುದು ಬೇಡ ಎನ್ನುವವರಿಗೆ ಜೋಡಿ ಹಾರಾಟ ಇದೆ. ತರಬೇತುದಾರನ ಎದೆಗೆ ಅವರನ್ನು ಬೆಲ್ಟಿನಿಂದ ಬಿಗಿಯುತ್ತೇವೆ, ಒಂದೇ ಪ್ಯಾರಾಚೂಟಿನಲ್ಲಿ ಇಬ್ಬರೂ ಇಳಿಯುತ್ತಾರೆ. ಆದ್ದರಿಂದ ತೂಕಕ್ಕೆ ಮಿತಿ ಇದೆ. ನಮ್ಮಲ್ಲಿ ತೊಂಬತ್ತು ಕಿಲೋ. ಅದರ ಮೇಲೆ ಒಂದು ಕಿಲೋ ಆದರೂ ಇಲ್ಲ.

ಪೇಟೆಯ ಅಡಿಕೆ ವ್ಯಾಪಾರಿಯೊಬ್ಬರು ಹೆಸರು ಕೊಟ್ಟರು. ಬಾಗಿಲಿನಲ್ಲಿ ಪಕ್ಕಕ್ಕೆ ತಿರುಗಿ ಒಳಗೆ ಬರುವಂಥ ಆಳು. ನನಗೆ ಅನುಮಾನ ಬಂತು.

"ತೂಕ ಎಷ್ಟು ಸಾಹುಕಾರ್ರೆ?"

"ಎಂಬತ್ತೆಂಟು. ನಿನ್ನೆ ನಮ್ಮ ಮಂಡಿ ತಕ್ಕಡಿ ಮೇಲೇ ನಿಂತು ನೋಡಿದೀನಿ. ಬೇಕಾದ್ರೆ ನೀವೇ ಬಂದು ನೋಡಿ."

ಹೋಗಿ ನೋಡಿದೆ. ಮೂಟೆ ತೂಗುವ ದೊಡ್ಡ ತಕ್ಕಡಿ. ಅವರು ಅದರ ಮೇಲೆ ನಿಂತರು. ಸರಿಯಾಗಿ ಎಂಬತ್ತೆಂಟು. ನನ್ನ ಕಣ್ಣೇ ಮಂಜಾಗಿರಬೇಕು ಎಂದುಕೊಂಡು ಫಾರಂ ಬರೆದುಕೊಂಡೆ.

ಏರ್‌ಸ್ಟ್ರಿಪ್‌ನಲ್ಲಿ ವಿಮಾನ ಹತ್ತುವ ಮೊದಲು ಮತ್ತೊಮ್ಮೆ ಎಲ್ಲರನ್ನೂ ತೂಗುತ್ತಾರೆ. ಸಾಹುಕಾರರು ಹೊಸ ಬೂಟು, ಕಪ್ಪು ಕನ್ನಡಕ ಹಾಕಿಕೊಂಡು ಮೆಷಿನ್ ಹತ್ತಿದರು. ನೂರಾ ಒಂದು ತೋರಿಸಿತು. ಬೂಟು ಬಿಚ್ಚಿಸಿದೆವು. ನೂರು.

ಸಾಹುಕಾರರಿಗೆ ಸಿಟ್ಟು ಬಂತು. "ನಿಮ್ಮ ಮೆಷಿನ್ ಸರಿ ಇಲ್ಲ. ನಮ್ಮ ತಕ್ಕಡಿ ಒಂದು ಗ್ರಾಮೂ ಸುಳ್ಳು ಹೇಳಲ್ಲ. ದಿನಾ ಅದರಲ್ಲೇ ನೂರಾರು ಮೂಟೆ ತೂಗ್ತೀನಿ, ಗೊತ್ತಾ?"

ಮೆಷಿನ್ ಸರಿ ಇದೆಯೋ ಎಂದು ನಾನು ಹತ್ತಿ ನೋಡಿದೆ. ನನ್ನ ತೂಕ ನನಗೆ ಗೊತ್ತು. ಮೆಷಿನ್ನಿಗೂ ಗೊತ್ತಿತ್ತು.

ಅವರ ಹಿಂದೆ ಸಾಲಿನಲ್ಲಿ ಅದೇ ವ್ಯಾನಿನಲ್ಲಿ ಬಂದಿದ್ದ ಬೆಳೆಗಾರರೊಬ್ಬರು ನಿಂತಿದ್ದರು. ಕಡಿಮೆ ಮಾತಿನ ಮನುಷ್ಯ. ಇಡೀ ದಾರಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವರು ಮೆಷಿನ್ನನ್ನು ನೋಡಿದರು, ಸಾಹುಕಾರರನ್ನು ನೋಡಿದರು, ಮತ್ತೆ ಮೆಷಿನ್ನನ್ನು ನೋಡಿದರು.

"ಸಾಹುಕಾರ್ರೆ, ನಮ್ಮ ಅಡಿಕೆ ತೂಗಿದ್ದೂ ಆ ತಕ್ಕಡೀಲೇ ಅಲ್ವಾ?"

ಸಾಹುಕಾರರು ಅಂದು ಹಾರಲಿಲ್ಲ. ವಾಪಸು ಬರುವಾಗ ವ್ಯಾನಿಗೂ ಹತ್ತಲಿಲ್ಲ. ಬೇರೆ ಗಾಡಿ ಮಾಡಿಕೊಂಡು ಹೋದರು. ಬೆಳೆಗಾರರು ಮಾತ್ರ ಊರು ಬರುವವರೆಗೂ ಬೆರಳು ಮಡಚುತ್ತಾ ಏನೋ ಲೆಕ್ಕ ಹಾಕುತ್ತಿದ್ದರು.

ಪೈಲಟ್ ಸಾಹೇಬರ ಬೆನ್ನು

ನಮ್ಮ ಪೈಲಟ್ ಸಾಹೇಬರು ಮೂಲತಃ ನರಸಿಂಹರಾಜಪುರದ ಕಡೆಯವರೇ. ಆದರೆ ವಿಮಾನದ ಬಾಗಿಲೊಳಗೆ ಊರು, ನೆಂಟಸ್ತನ ಏನೂ ನಡೆಯುವುದಿಲ್ಲ. ಯಾರು ಎಲ್ಲಿ ಕೂರಬೇಕು ಎಂದು ಅವರೇ ಹೇಳುತ್ತಾರೆ. ಅವರು ಹೇಳುವವರೆಗೆ ಬೆಲ್ಟು ಬಿಚ್ಚುವಂತಿಲ್ಲ, ಎಲ್ಲರೂ ಒಟ್ಟಿಗೆ ಬಾಲದ ಕಡೆ ಸರಿಯುವಂತಿಲ್ಲ, ಅವರು ಕೈ ಎತ್ತದೆ ಬಾಗಿಲು ತೆಗೆಯುವಂತಿಲ್ಲ. ಕೆಳಗೆ ಮೋಡ ಕಂಡರೆ ಹಾರಾಟವೇ ಇಲ್ಲ. ನಾನು ಹತ್ತು ನಿಮಿಷ ಕಾಯೋಣ ಅಂದರೆ, "ನೀವು ಕಾಯಿರಿ, ನಾನು ಇಳಿಸ್ತೀನಿ" ಅನ್ನುತ್ತಾರೆ.

ಅವರದೇ ಇನ್ನೊಂದು ನಿಯಮ, ಹಾರುವವರನ್ನು ಕರೆದೊಯ್ಯುವಾಗ ತಾವೂ ಒಂದು ಪ್ಯಾರಾಚೂಟ್ ಕಟ್ಟಿಕೊಳ್ಳುವುದು. ಯಾರದಾದರೂ ಪ್ಯಾರಾಚೂಟ್ ಅಕಸ್ಮಾತ್ ಬಾಗಿಲಲ್ಲೇ ಬಿಚ್ಚಿ ವಿಮಾನದ ಬಾಲಕ್ಕೆ ಸಿಕ್ಕಿಕೊಂಡರೆ ಎಂಬ ಮುಂಜಾಗ್ರತೆ.

ಸಿರಿಮನೆ ಜಲಪಾತಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪ್ ಡ್ರೈವರ್ ಒಬ್ಬ ಬಂದಿದ್ದ. ಹೆದರಿಕೆ ಎನ್ನುವುದು ಗೊತ್ತಿಲ್ಲದ ಆಳು. ವಿಮಾನದ ಮೆಟ್ಟಿಲಿಗೆ ಕಾಲಿಟ್ಟವನು ಪೈಲಟ್ ಸಾಹೇಬರ ಬೆನ್ನು ನೋಡಿ ಕಾಲು ಹಿಂದಕ್ಕೆ ತೆಗೆದ.

"ಸಾರ್, ಅವರ್ಯಾಕೆ ಕಟ್ಕೊಂಡಿದ್ದಾರೆ?"

"ಅದು ನಿಯಮ ಕಣಯ್ಯ. ಹತ್ತು."

"ನಾನು ಹೆಲ್ಮೆಟ್ ಹಾಕ್ಕೊಂಡು ಜೀಪಲ್ಲಿ ಕೂತು, ಹತ್ತಿ ಸಾರ್ ಅಂದ್ರೆ ನೀವು ಹತ್ತುತ್ತೀರಾ?"

ನಿಜ ಹೇಳಬೇಕೆಂದರೆ ಅವನ ಜೀಪನ್ನು ನೋಡಿದ್ದೇನೆ, ಹೆಲ್ಮೆಟ್ ಇಲ್ಲದೆಯೂ ಹತ್ತುವ ಧೈರ್ಯ ನನಗಿಲ್ಲ. ನಿಯಮದ ಕಾರಣ ಕಾಲು ಗಂಟೆ ಬಿಡಿಸಿ ಹೇಳಿದ ಮೇಲೆ ತಾನಾಗಿಯೇ ಹತ್ತಿದ. ಮೇಲೆ ಹೋಗಿ ಬಾಗಿಲು ತೆಗೆದಾಗ ಎಲ್ಲರಿಗಿಂತ ಮೊದಲು ಹಾರಿದವನೂ ಅವನೇ. ಒಂದು ಕ್ಷಣವೂ ತಡಮಾಡಲಿಲ್ಲ. ಕೆಳಗೆ ಬಂದ ಮೇಲೆ ಬೆನ್ನು ತಟ್ಟಿದೆ.

"ಭಲೇ ಧೈರ್ಯ ಕಣಯ್ಯ ನಿಂದು."

"ಧೈರ್ಯ ಎಂತದೂ ಇಲ್ಲ ಸಾರ್. ಪೈಲಟ್ಟಿಗಿಂತ ಮೊದಲು ಇಳೀಬೇಕು ಅಂತ ಅಷ್ಟೇ."

ನಂಬರ್ ಎರಡು

ಇದು ನನ್ನದೇ ತಪ್ಪಿನ ಕಥೆ.

ಮೊದಲ ಸಲ ಒಬ್ಬರೇ ಹಾರುವವರ ಪ್ಯಾರಾಚೂಟ್ ತಾನಾಗಿಯೇ ತೆರೆದುಕೊಳ್ಳುತ್ತದೆ. ಆಮೇಲೆ ತಿರುಗಿಸಿಕೊಂಡು ಮೈದಾನಕ್ಕೆ ಬರುವುದು ಅವರ ಕೆಲಸ. ಎಡಗೈ ಹಿಡಿ ಎಳೆದರೆ ಎಡಕ್ಕೆ, ಬಲಗೈ ಹಿಡಿ ಎಳೆದರೆ ಬಲಕ್ಕೆ. ಅವರ ಹೆಲ್ಮೆಟ್ಟಿನಲ್ಲಿ ಒಂದು ರೇಡಿಯೋ ಇರುತ್ತದೆ. ನಾನು ಕೆಳಗೆ ನಿಂತು ಹೇಳುತ್ತೇನೆ, ಅವರಿಗೆ ಕೇಳಿಸುತ್ತದೆ. ಅವರು ಮಾತಾಡಿದರೆ ನನಗೆ ಕೇಳಿಸುವುದಿಲ್ಲ. ದೇವರ ದಯೆ. ಎಲ್ಲರ ರೇಡಿಯೋಗೂ ಒಂದೇ ಧ್ವನಿ ಹೋಗುವುದರಿಂದ ಹೆಸರು ಹಿಡಿದು ಕರೆಯುವುದಿಲ್ಲ, ನಂಬರ್ ಕೊಟ್ಟಿರುತ್ತೇವೆ. ಕರೆಯಲು ನಂಬರ್ ಬಿಟ್ಟು ಬೇರೆ ಒಂದು ಶಬ್ದವನ್ನೂ ಬಳಸಬಾರದು ಎಂದು ತರಬೇತುದಾರರಿಗೆ ಪಾಠ ಮಾಡುವವನೂ ನಾನೇ.

ಅಂದು ಒಬ್ಬರ ಹಿಂದೊಬ್ಬರು ಮೂವರು ಹಾರಿದರು. ನಂಬರ್ ಒಂದು, ಕೊಪ್ಪದ ಬೇಕರಿ ಮಾಲೀಕರು. ನಂಬರ್ ಎರಡು, ಶೃಂಗೇರಿಯ ಸಂಸ್ಕೃತ ಮೇಷ್ಟ್ರು. ನಂಬರ್ ಮೂರು, ನರಸಿಂಹರಾಜಪುರದ ಒಬ್ಬ ನರ್ಸು. ಮೂರೂ ಪ್ಯಾರಾಚೂಟ್ ಚೆನ್ನಾಗಿ ಬಿಚ್ಚಿಕೊಂಡವು. ಒಂದು ಮತ್ತು ಮೂರು ನೇರ ಮೈದಾನದ ದಾರಿ ಹಿಡಿದಿದ್ದವು. ಮೇಷ್ಟ್ರು ಮಾತ್ರ ಮೈದಾನದ ಆಚೆ, ದೊಡ್ಡ ಕರೆಂಟ್ ಕಂಬಗಳ ಸಾಲಿನ ಕಡೆ ತೇಲುತ್ತಾ ಹೊರಟರು.

"ನಂಬರ್ ಎರಡು, ಎಡಕ್ಕೆ ಎಳೆಯಿರಿ."

ಮೇಷ್ಟ್ರು ಅಲುಗಲಿಲ್ಲ.

"ನಂಬರ್ ಎರಡು, ಎಡಗೈ ಕೆಳಕ್ಕೆ. ಎಡಗೈ."

ಇಲ್ಲ. ತಂತಿಗಳು ಹತ್ತಿರವಾಗುತ್ತಿದ್ದವು. ಇಪ್ಪತ್ತು ವರ್ಷ ಕಲಿತದ್ದು, ಕಲಿಸಿದ್ದು ಎಲ್ಲ ತಲೆಯಿಂದ ಹಾರಿಹೋಯಿತು. ಬಾಯಿಗೆ ಹುಟ್ಟಿದಾಗಿನಿಂದ ಬಂದ ಭಾಷೆಯೇ ಬಂತು.

"ಏ ಮಾರಾಯ, ಎಡಕ್ಕೆ ಎಳಿಯಾ. ನಿಂಗೆ ಕೈ ಮುಗೀತೀನಿ ಮಾರಾಯ, ಎಡಕ್ಕೆ."

ಮೇಷ್ಟ್ರು ತಟ್ಟನೆ ಎಡಕ್ಕೆ ತಿರುಗಿದರು. ಬೇಕರಿ ಮಾಲೀಕರೂ ಎಡಕ್ಕೆ ತಿರುಗಿದರು. ನರ್ಸೂ ಎಡಕ್ಕೆ ತಿರುಗಿದರು.

ಮೇಷ್ಟ್ರು ಮೈದಾನದ ಸರಿಯಾದ ನಡುವಿಗೆ, ನನ್ನ ಕಾಲಬುಡಕ್ಕೇ ಬಂದಿಳಿದರು. ಉಳಿದಿಬ್ಬರು ನೋಡನೋಡುತ್ತಿದ್ದಂತೆ ಮೈದಾನ ಬಿಟ್ಟು, ಒಬ್ಬರು ರಾಗಿ ಹೊಲಕ್ಕೆ, ಒಬ್ಬರು ಕುರಿಮಂದೆಯ ಪಕ್ಕಕ್ಕೆ ಹೋಗಿ ಇಳಿದರು. ಯಾರಿಗೂ ಏನೂ ಆಗಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತೆ.

"ನಂಬರ್ ಕರೆದಾಗ ಯಾಕೆ ತಿರುಗಲಿಲ್ಲ?" ಎಂದು ಮೇಷ್ಟ್ರನ್ನು ಕೇಳಿದೆ.

"ಆ ಎತ್ತರದಲ್ಲಿ ನಾನು ಎಷ್ಟನೇ ನಂಬರ್ ಅನ್ನೋದೇ ಮರೆತುಹೋಯ್ತು. ಮಾರಾಯ ಅಂದ್ರಲ್ಲ, ಆಗ ನನಗೇ ಹೇಳಿದ್ದು ಅಂತ ಖಾತ್ರಿಯಾಯ್ತು."

ರಾಗಿ ಹೊಲದಿಂದ ನಡೆದು ಬಂದ ಬೇಕರಿ ಮಾಲೀಕರೂ ಅದನ್ನೇ ಹೇಳಿದರು. ನರ್ಸಿಗೆ, "ನಿಮಗಾದ್ರೂ ಮಾರಾಯ್ತಿ ಅಂತಿದ್ದೆನಲ್ಲಮ್ಮ?" ಅಂದೆ. "ಅಷ್ಟು ಗಾಬರಿಯಲ್ಲಿ ನೀವು ಅದನ್ನೆಲ್ಲ ನೋಡಿರಲಿಕ್ಕಿಲ್ಲ ಅಂದ್ಕೊಂಡೆ ಸಾರ್" ಅಂದರು.

ಆ ಹೊತ್ತಿಗೆ ವಿಮಾನ ಇಳಿಯಿತು. ಎಂದಿಗಿಂತ ತುಸು ತಡವಾಗಿಯೇ ಇಳಿಯಿತು. ಪೈಲಟ್ ಸಾಹೇಬರು ಇಂಜಿನ್ ಆರಿಸಿ, ನಿಧಾನವಾಗಿ ನಡೆದು ಬಂದು ನನ್ನ ಪಕ್ಕ ನಿಂತರು. ಅವರ ಜೇಬಿನಲ್ಲಿ ನಮ್ಮದೇ ಒಂದು ರೇಡಿಯೋ ಇತ್ತು. ನಾನು ಹಾರುವವರಿಗೆ ಏನು ಹೇಳುತ್ತೇನೆ ಎಂದು ಕೇಳಿಸಿಕೊಳ್ಳಲು ಇಟ್ಟುಕೊಂಡಿದ್ದರಂತೆ.

"ಮುಂದಿನ ಸಲ ಯಾವ ಮಾರಾಯ ಅಂತ ಸ್ಪಷ್ಟವಾಗಿ ಹೇಳಿ" ಅಂದರು. "ಸುಮ್ಮನೆ ನಾನೂ ಎಡಕ್ಕೆ ಒಂದು ಸುತ್ತು ಹಾಕಿದೆ."